ನೆರಳು ತೆಗೆಯುವ ತಿಂಗಳು

ಚಿಕ್ಕಮಗಳೂರು
೧೯ ಜನವರಿ ೨೦೨೫

ಡಾ. ಅರುಣಾ ಮೇಡಂ ಅವರಿಗೆ,

ಮೊದಲು ಸಾರಿ. ನಿಮ್ಮಂಥವರಿಗೆ ಹೀಗೆ ಕಾಗದದ ಮೇಲೆ ಪೆನ್ನಿನಲ್ಲಿ ಬರೆಯುತ್ತಿರುವುದಕ್ಕೇ ಕ್ಷಮೆ ಕೇಳಬೇಕು. ಡಿಸೆಂಬರಿನಲ್ಲಿ ನಮ್ಮ ಕಾಲೇಜಿಗೆ ಲೆಕ್ಚರ್ ಕೊಡಲು ಬಂದಾಗ ನೀವು ಬೋರ್ಡಿನ ಮೇಲೆ ಲ್ಯಾಬಿನ ವಿಳಾಸ, ಇಮೇಲ್ ಎರಡನ್ನೂ ಬರೆದು, ಏನಾದರೂ ಕೇಳಬೇಕಿದ್ದರೆ ಬರೆಯಿರಿ ಅಂದಿದ್ದಿರಿ. ಇಮೇಲ್ ಅಂದರೆ ಇಂಗ್ಲಿಷ್. ಶುರು ಮಾಡಿದೆ ಮೇಡಂ, ‘ರೆಸ್ಪೆಕ್ಟೆಡ್ ಮೇಡಂ, ಐ ಆ್ಯಮ್’ ಅನ್ನುವವರೆಗೆ ಬಂತು. ಮುಂದೆ ಐ ಆ್ಯಮ್ ಏನು ಅಂತಲೇ ಗೊತ್ತಾಗಲಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಓದಿದವಳು ನಾನು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಿನ ನಡುವೆ ತಾನಾಗಿ ಬಂದುಬಿಡುತ್ತದೆ, ಆದರೆ ಒಂದು ವಿಷಯವನ್ನು ಪೂರ್ತಿ ಹೇಳುವಷ್ಟು ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ನಿಮಗೆ ಇನ್ಸಲ್ಟ್ ಆಗುತ್ತದೋ ಏನೋ ಅಂತ ಟೆನ್ಷನ್. ನನ್ನ ರೂಂಮೇಟ್ ಮೇಘಶ್ರೀ ಬೈದಳು. “ಅವ್ರು ಲೆಕ್ಚರ್ ಕೊಟ್ಟಿದ್ದೇ ಕನ್ನಡದಲ್ಲಿ ಮಾರಾಯ್ತಿ. ನಿನ್ ಕಾಗದ ಓದಕ್ಕೆ ಟ್ರಾನ್ಸ್‌ಲೇಟರ್ ಇಟ್ಕೋಬೇಕಾ?” ಅಂದಳು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಯಾರು ಅಂತ ಹೇಳಲೇ ಇಲ್ಲ, ನೋಡಿ. ರಂಜಿತಾ, ಬಿಎಸ್ಸಿ ಬಯೋಟೆಕ್ನಾಲಜಿ, ಮೊದಲ ವರ್ಷ. ಊರು ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟ್. ಎಸ್ಟೇಟ್ ನಮ್ಮದಲ್ಲ. ಅಪ್ಪ ಅಮ್ಮ ಅಲ್ಲಿ ಕೆಲಸ ಮಾಡುವುದು, ನಾವು ಅಲ್ಲಿನ ಲೈನ್ ಮನೆಯಲ್ಲಿ ಇರುವುದು. ಲೆಕ್ಚರಿನ ಕೊನೆಯಲ್ಲಿ ಕೈ ಎತ್ತಿ, ನೀವು ಇತ್ತ ತಿರುಗುವಷ್ಟರಲ್ಲಿ ಇಳಿಸಿಬಿಟ್ಟ ಹುಡುಗಿ ನಾನೇ.

ನಮ್ಮ ಕ್ಲಾಸಿನಲ್ಲಿ ಸೆಮಿನಾರ್ ಇದೆ. ನಾನು ನಿಮ್ಮ ಟಾಪಿಕ್ಕನ್ನೇ ತೆಗೆದುಕೊಂಡಿದ್ದೇನೆ: ಶ್ವಾಸಕೋಶದ ಸ್ಟೆಮ್ ಸೆಲ್‌ಗಳು, ಮತ್ತು ಅವುಗಳ ಸುತ್ತಲಿನ ಅಂಗಾಂಶ ಅವುಗಳಿಗೆ ಏನು ಮಾಡುತ್ತದೆ ಎಂಬುದು. ನೀವು ಹೇಳಿದ್ದರಲ್ಲಿ ಅರ್ಧ ಬರೆದುಕೊಂಡೆ, ಅರ್ಧ ತಪ್ಪಿಹೋಯಿತು. ಆ ಸೆಲ್‌ಗಳು ಎಲ್ಲರ ಒಳಗೂ ಇರುತ್ತವೆ ಅಂದಿರಿ ಅಲ್ಲವಾ? ವಯಸ್ಸಾದರೂ ಇರುತ್ತವಾ? ಉದಾಹರಣೆಗೆ, ಸುಮ್ಮನೆ ಉದಾಹರಣೆಗೆ, ಐವತ್ತು ದಾಟಿದ ಒಬ್ಬ ಮನುಷ್ಯ. ಬೀಡಿ ಸೇದಿದವನಲ್ಲ. ಅವನ ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ, ಕಾರಣ ಗೊತ್ತಿಲ್ಲ ಅಂತ ಡಾಕ್ಟರು ಹೇಳಿದ್ದಾರೆ ಅಂದುಕೊಳ್ಳಿ. ಅವನ ಒಳಗಿರುವ ಸ್ಟೆಮ್ ಸೆಲ್ ಯಾಕೆ ಎದ್ದು ರಿಪೇರಿ ಮಾಡುವುದಿಲ್ಲ? ಸತ್ತುಹೋಗಿದೆಯಾ, ಮಲಗಿದೆಯಾ? ಹೊರಗಿನಿಂದ ಹೊಸದನ್ನು ಹಾಕಿದರೆ ನಿಲ್ಲುತ್ತದಾ?

ನಿಮಗೆ ಟೈಮ್ ಇಲ್ಲದಿದ್ದರೆ ಪರವಾಗಿಲ್ಲ. ಇದ್ದರೆ ಬರೆಯಿರಿ.

ಇಂತಿ ತಮ್ಮ ವಿಧೇಯ,
ರಂಜಿತಾ ಜಿ.


ಪುಣೆ
೧೧ ಫೆಬ್ರವರಿ ೨೦೨೫

ಪ್ರೀತಿಯ ರಂಜಿತಾ,

ನೀನು ಎನ್ನುತ್ತೇನೆ, ಬೇಸರವಿಲ್ಲ ತಾನೆ? ಕನ್ನಡದ ಕೈಬರಹದ ಕಾಗದ ನನ್ನ ಮೇಜಿಗೆ ಬಂದು ಎಷ್ಟೋ ವರ್ಷಗಳಾದವು. ಓದಿ ಮುಗಿಸಿ ಡ್ರಾಯರಿನಲ್ಲಿ ಪೆನ್ನು ಹುಡುಕಿದೆ, ಅದು ಒಣಗಿತ್ತು. ನನ್ನ ಅಕ್ಷರ ನೋಡಿ ನಗಬೇಡ.

ಬಣಕಲ್ ಎಂದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನನ್ನ ತಾಯಿಯ ತವರು ಅಲ್ಲೇ ಹತ್ತಿರದ ಜಾವಳಿ. ಬೇಸಿಗೆ ರಜೆಗೆ ಹೋದರೆ ನಾನು ಮನೆಯೊಳಗೆ ಇರುತ್ತಿರಲಿಲ್ಲ, ಅಜ್ಜನ ಕಾಫಿ ನರ್ಸರಿಯಲ್ಲಿ ಇರುತ್ತಿದ್ದೆ. ಲೆಕ್ಚರಿನಲ್ಲಿ ಮಡಿ, ಸಸಿ ಎಂದೆಲ್ಲ ಬಾಯಿಗೆ ಬಂದದ್ದು ಅದಕ್ಕೇ.

ಈಗ ನಿನ್ನ ಪ್ರಶ್ನೆ. ಶ್ವಾಸಕೋಶದ ತುದಿಯಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳ ಒಳಗೋಡೆಯಲ್ಲಿ ಎರಡು ಬಗೆಯ ಕೋಶಗಳು. ಒಂದು ಹಪ್ಪಳದಂತೆ ತೆಳ್ಳಗೆ ಹರಡಿಕೊಂಡದ್ದು. ಉಸಿರು ರಕ್ತಕ್ಕೆ ದಾಟುವುದು ಅದರ ಮೂಲಕ. ಇನ್ನೊಂದು ದುಂಡಗೆ ಮೂಲೆಯಲ್ಲಿ ಕೂತಿರುತ್ತದೆ. ಅದೇ ನಮ್ಮ ಸ್ಟೆಮ್ ಸೆಲ್. ತೆಳ್ಳನೆಯದು ಸತ್ತರೆ ದುಂಡನೆಯದು ಎರಡಾಗಿ, ಅದರಲ್ಲೊಂದು ಚಪ್ಪಟೆಯಾಗಿ ಹರಡಿ, ಸತ್ತದ್ದರ ಜಾಗ ತುಂಬುತ್ತದೆ. ತೋಟದಲ್ಲಿ ಗಿಡ ಸತ್ತ ಜಾಗಕ್ಕೆ ಹೊಸ ಸಸಿಯನ್ನು ಸಪ್ಲೈ ಹಾಕುತ್ತಾರಲ್ಲ, ಹಾಗೆ.

ಆದರೆ ಅದು ತನ್ನಿಷ್ಟಕ್ಕೆ ಏಳುವುದಿಲ್ಲ. ಅದರ ಪಕ್ಕದಲ್ಲಿ ನಾರು ನೇಯುವ ಕೋಶಗಳಿವೆ, ಕಸ ಗುಡಿಸುವ ಕೋಶಗಳಿವೆ, ರಕ್ತನಾಳಗಳಿವೆ. ಈ ನೆರೆಹೊರೆಯವರು ಸುಮ್ಮನಿರು ಎಂದರೆ ಸುಮ್ಮನಿರುತ್ತದೆ, ಏಳು ಎಂದರೆ ಏಳುತ್ತದೆ, ಸಾಕು ಎಂದರೆ ನಿಲ್ಲಿಸುತ್ತದೆ. ಪೆಟ್ಟು ಬೀಳದೆ ಆ ಸುದ್ದಿ ಹೊರಡುವುದೂ ಇಲ್ಲ. ಇಲಿಯ ಶ್ವಾಸಕೋಶಕ್ಕೆ ಚೂರು ಗಾಯವಾಗಲಿ, ವರ್ಷವಿಡೀ ಮಲಗಿದ್ದ ಕೋಶ ಎದ್ದು ಕೆಲಸಕ್ಕೆ ಇಳಿಯುವುದನ್ನು ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ಅದನ್ನು ನೋಡಿದ ದಿನ ಊಟ ಸೇರುವುದಿಲ್ಲ, ಅಷ್ಟು ಖುಷಿ.

ನಿನ್ನ ಐವತ್ತು ದಾಟಿದ ಮನುಷ್ಯನ ಉದಾಹರಣೆ ಬಹಳ ಜಾಣತನದ್ದು. ಮೊದಲ ವರ್ಷದವರು ಯಾರೂ ಹಾಗೆ ಕೇಳಿದ್ದಿಲ್ಲ. ಅವನ ಸ್ಟೆಮ್ ಸೆಲ್ ಎಲ್ಲವೂ ಸತ್ತಿಲ್ಲ, ನೆರೆಹೊರೆ ಕೆಟ್ಟಿದೆ. ನೆಲವನ್ನು ಸರಿಮಾಡಿ, ಹೊಸ ಸಸಿ ನಿಲ್ಲುವಂತೆ ಮಾಡಿದರೆ ಉಸಿರು ಮರಳಬಹುದು ಎಂದು ನಂಬಿಯೇ ನಮ್ಮಂಥವರು ಬೆಳಿಗ್ಗೆ ಲ್ಯಾಬಿಗೆ ಬರುವುದು. ಇದರಲ್ಲಿರುವ ತೊಡಕುಗಳನ್ನೆಲ್ಲ ಸೆಮಿನಾರಿಗೆ ತುರುಕಬೇಡ. ನಿನ್ನ ಗೆಳತಿಯರು ಮೊದಲು ಇದು ಸಾಧ್ಯ ಎಂಬುದನ್ನು ಕೇಳಲಿ.

ಸೆಮಿನಾರ್ ಹೇಗಾಯಿತು ಎಂದು ಬರೆ.

ಅರುಣಾ


ಚಿಕ್ಕಮಗಳೂರು
೪ ಮಾರ್ಚ್ ೨೦೨೫

ಅರುಣಾ ಮೇಡಂ ಅವರಿಗೆ,

ನೀವು ನಿಜವಾಗಿ ಉತ್ತರ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ವಾರ್ಡನ್ ಕವರನ್ನು ಹಿಂದೆ ಮುಂದೆ ತಿರುಗಿಸಿ, “ಯಾರೇ ಇದು ಪುಣೆಯಿಂದ?” ಅಂತ ಕೇಳಿದರು. ಸೈಂಟಿಸ್ಟ್ ಅಂದೆ. ನಂಬಲಿಲ್ಲ.

ಸೆಮಿನಾರ್ ಚೆನ್ನಾಗಿ ಆಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ತುಂಬಾ ಥ್ಯಾಂಕ್ಸ್.

ಭಾನುವಾರ ಊರಿಗೆ ಹೋದಾಗ ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪನ ಹೆಸರು ಗುರುವಯ್ಯ. ಎಸ್ಟೇಟಿನ ನರ್ಸರಿ ಮೇಸ್ತ್ರಿ. ಬೀಜ ಹಾಕುವುದರಿಂದ ಹಿಡಿದು ತೋಟಕ್ಕೆ ಸಸಿ ಕಳಿಸುವವರೆಗೆ ಎಲ್ಲಾ ಅವರದೇ. ಈಗ ಸ್ವಲ್ಪ ಹುಷಾರಿಲ್ಲ, ಮನೆಯಲ್ಲೇ ಇರುತ್ತಾರೆ. ಸಪ್ಲೈ ಅನ್ನುವ ಕಡೆ ಬಂದಾಗ ಕೈ ಅಡ್ಡ ಹಿಡಿದರು.

“ನಿಲ್ಸು ನಿಲ್ಸು. ಸಪ್ಲೈ ಅಂತ ಬರ್ದಿದಾರಾ? ಡಾಕ್ಟ್ರು ಬಾಯಲ್ಲಿ ಸಪ್ಲೈ ಅಂತ ಬಂತಾ?”

“ಹೂಂ ಅಪ್ಪ.”

“ಹಂಗಾದ್ರೆ ಅವ್ರಿಗೆ ಕೆಲ್ಸ ಗೊತ್ತು ಬಿಡು.”

ಒಲೆ ಹತ್ತಿರ ಇದ್ದ ಅಮ್ಮ, “ಪುಣೆಲಿ ಫ್ಯಾನ್ ಕೆಳಗೆ ಕೂತವ್ರಿಗೆ ನಿಮ್ ನರ್ಸರಿ ಏನ್ ಗೊತ್ತು?” ಅಂದಳು. ಅಮ್ಮನ ಹೆಸರು ಜವರಮ್ಮ. ಅವಳು ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವುದಿಲ್ಲ. “ಜಾವಳಿ ನೀರು ಕುಡ್ದವ್ರು ಕಣೇ ಅವ್ರು. ನಿಂಗಿಂತ ಗೊತ್ತು. ನೀನು ಸಾರು ನೋಡ್ಕೋ,” ಅಂದರು ಅಪ್ಪ. ಆಮೇಲೆ ಇನ್ನೊಂದು ಸಲ ಮೊದಲಿನಿಂದ ಓದಿಸಿದರು. ಮೇಡಂ, ಅಪ್ಪ ಅಷ್ಟು ಮಾತಾಡಿ ಬಹಳ ದಿನವಾಗಿತ್ತು.

ನಿಮ್ಮನ್ನು ಕೇಳು ಅಂತ ಹೇಳಿದ್ದಾರೆ: ಹಳೇ ಬುಡ ಕೀಳದೆ ಸಪ್ಲೈ ಹಾಕಿದರೆ ಅಲ್ಲೂ ಸಾಯುತ್ತದಾ? ಗುಂಡಿ ಎಷ್ಟು ಮುಂಚೆ ತೆಗೆಯಬೇಕು? ಜೂನ್ ಮಳೆಗೆ ಹಾಕುತ್ತಾರಾ? ಅಪ್ಪ ತಮಾಷೆಯ ಮನುಷ್ಯ, ನೀವು ಏನೂ ಅಂದುಕೊಳ್ಳಬೇಡಿ. ಆದರೆ ಎರಡು ಸಾಲು ಬರೆದರೆ ಖುಷಿಪಡುತ್ತಾರೆ. ಮತ್ತೆ, ಇದನ್ನು ಯಾವ ಆಸ್ಪತ್ರೆಯಲ್ಲಿ ಮಾಡುತ್ತಾರೆ ಅಂತಲೂ ತಿಳಿಸಿ. ಸೆಮಿನಾರ್ ಮುಗಿದಿದೆ, ಆದರೂ ಸುಮ್ಮನೆ, ಜನರಲ್ ನಾಲೆಡ್ಜಿಗೆ.

ನಿಮ್ಮ,
ರಂಜಿತಾ


ಪುಣೆ
೧೮ ಮಾರ್ಚ್ ೨೦೨೫

ಪ್ರೀತಿಯ ರಂಜಿತಾ,

ನಿನ್ನ ತಂದೆಯ ಪ್ರಶ್ನೆಗಳನ್ನು ನಮ್ಮ ಲ್ಯಾಬ್ ಮೀಟಿಂಗಿನಲ್ಲಿ ಹಿಂದಿಗೆ ಅನುವಾದಿಸಿ ಓದಿದೆ. ಹಳೆಯ ಬುಡದ ಪ್ರಶ್ನೆ ಬಂದಾಗ ಹುಡುಗರೆಲ್ಲ ನಕ್ಕರು. ನಾವು ಎರಡು ವರ್ಷದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇವೆ.

ಗುರುವಯ್ಯನವರಿಗೆ ಹೇಳು: ನಮ್ಮ ಸಸಿ ಇನ್ನೂ ಟೋಪಿ ಹಂತದಲ್ಲಿದೆ, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತಿದೆ, ಎಲೆ ಬಿಚ್ಚಿಲ್ಲ. ಅವರ ಅನುಮಾನ ಸರಿ. ಗಟ್ಟಿಯಾದ ನಾರನ್ನು ಸಡಿಲ ಮಾಡದೆ ಹೊಸ ಕೋಶ ಹಾಕಿ ಪ್ರಯೋಜನವಿಲ್ಲ, ನೆಲವೂ ಸಿದ್ಧವಾಗಬೇಕು. ಇನ್ನೊಂದು ಸಂಗತಿ ಅವರಿಗೆ ಇಷ್ಟವಾಗುತ್ತದೆ. ಗಾಜಿನ ತಟ್ಟೆಯಲ್ಲಿ ಸುಖವಾಗಿ ಬೆಳೆದ ಕೋಶವನ್ನು ಹಾಗೇ ತೆಗೆದು ದೇಹಕ್ಕೆ ಹಾಕಿದರೆ ಅದು ನಿಲ್ಲುವುದಿಲ್ಲ. ಅದಕ್ಕೆ ಮೊದಲು ಕೆಲಕಾಲ ಆಮ್ಲಜನಕವನ್ನು ಕಡಿಮೆ ಮಾಡಿ ಕಷ್ಟಕ್ಕೆ ಒಗ್ಗಿಸುತ್ತಾರೆ. ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಚಪ್ಪರದ ನೆರಳು ತೆಗೆದು, ನೀರು ಕಡಿಮೆ ಮಾಡಿ ನರ್ಸರಿಯ ಸಸಿಯನ್ನು ಗಟ್ಟಿ ಮಾಡುತ್ತಾರಲ್ಲ, ಥೇಟ್ ಅದೇ. ನಿನ್ನ ತಂದೆ ಒಮ್ಮೆ ನಮ್ಮ ಲ್ಯಾಬಿಗೆ ಬಂದರೆ ಅರ್ಧ ದಿನದಲ್ಲಿ ಎಲ್ಲವನ್ನೂ ಹಿಡಿದುಬಿಡುತ್ತಾರೆ.

ಜೂನಿಗೆ ಹಾಕುತ್ತಾರಾ ಎಂದು ಕೇಳಿದ್ದಾರೆ. ಯಾವುದೋ ಒಂದು ಜೂನಿಗೆ ಖಂಡಿತ ಎಂದು ಹೇಳು! ಆಸ್ಪತ್ರೆ ಯಾವುದೂ ಇಲ್ಲ, ಮನುಷ್ಯರಿಗೆ ಮಾಡುವ ಹಂತ ಇನ್ನೂ ಬಂದಿಲ್ಲ. ಜಾಹೀರಾತು ಕೊಡುವವರಿದ್ದಾರೆ, ನಂಬಬಾರದು.

ಅವರಿಗೆ ಹುಷಾರಿಲ್ಲ ಎಂದಿದ್ದೆ. ಈಗ ಸುಧಾರಿಸಿರಬೇಕು. ಮುಂದಿನ ಬೇಸಿಗೆಗೆ ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೇವೆ. ನೀನು ಅರ್ಜಿ ಹಾಕಬೇಕು. ಇಂಗ್ಲಿಷಿನ ಚಿಂತೆ ಬಿಡು, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಅರುಣಾ


ಬಣಕಲ್
೧೪ ಮೇ ೨೦೨೫

ಮೇಡಂ,

ಇಷ್ಟು ದಿನ ಬರೆಯದಿದ್ದಕ್ಕೆ ಸಾರಿ ಅಂತ ಶುರು ಮಾಡಬೇಕಿತ್ತು. ಅದಕ್ಕಿಂತ ದೊಡ್ಡದಿದೆ.

ಸೆಮಿನಾರ್ ಇರಲಿಲ್ಲ. ಐವತ್ತು ದಾಟಿದ ಮನುಷ್ಯ ನಮ್ಮಪ್ಪ. ಹೋದ ವರ್ಷದ ಹಿಂದಿನ ವರ್ಷ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿ, ಎರಡೂ ಶ್ವಾಸಕೋಶ ಗಾಯ ಒಣಗಿದ ಚರ್ಮದ ಹಾಗೆ ಗಟ್ಟಿಯಾಗುತ್ತಿವೆ ಅಂದರು. ಫೈಬ್ರೋಸಿಸ್. ಮಾತ್ರೆ ಕೊಟ್ಟರು, ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ ಅಂದರು. ನಿಮ್ಮ ಲೆಕ್ಚರ್ ಕೇಳಿದ ದಿನ ನಾನು ಬಾತ್‌ರೂಮಿಗೆ ಹೋಗಿ ಅತ್ತೆ, ಬೇಜಾರಿಗಲ್ಲ. ನಿಜ ಹೇಳಿದ್ದರೆ ನೀವು ಬೇರೆ ಡಾಕ್ಟರುಗಳ ಹಾಗೆ ‘ಸಂಬಂಧಪಟ್ಟ ತಜ್ಞರನ್ನು ಕಾಣಿ’ ಅಂತ ಒಂದೇ ಸಾಲು ಬರೆಯುತ್ತೀರಿ ಅನ್ನಿಸಿತು. ಸ್ಟೂಡೆಂಟ್ ಆದರೆ ವಿವರವಾಗಿ ಹೇಳುತ್ತೀರಿ. ಹೇಳಿದಿರಿ.

ಅಪ್ಪನಿಗೆ ಈಗ ದಿನವಿಡೀ ಆಕ್ಸಿಜನ್ ಬೇಕು. ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಕರೆಂಟಿನ ಮೆಷಿನ್ ಇದೆಯಲ್ಲ, ಅದು. ಎಸ್ಟೇಟಿನ ಯಜಮಾನರು, ಶಶಿಧರ್ ಅವರು, ಕೊರೋನಾ ಟೈಮಿನಲ್ಲಿ ಅವರ ತಾಯಿಗೆ ಅಂತ ತರಿಸಿದ್ದು. ನಮಗೆ ಇಟ್ಟುಕೊಳ್ಳಲು ಕೊಟ್ಟಿದ್ದಾರೆ.

ಯುಗಾದಿಗೆ ಹೋದಾಗ ನಿಮ್ಮ ಎರಡನೇ ಕಾಗದ ಓದಿದೆ. ಪೂರ್ತಿ ಓದಲಿಲ್ಲ ಮೇಡಂ. ಆಸ್ಪತ್ರೆ ಯಾವುದೂ ಇಲ್ಲ ಅನ್ನುವ ಸಾಲನ್ನು ಬಿಟ್ಟೆ. ‘ಯಾವುದೋ ಒಂದು’ ಅನ್ನುವುದನ್ನೂ ಬಿಟ್ಟು ‘ಜೂನಿಗೆ ಖಂಡಿತ’ ಅಂತ ಓದಿದೆ. ಅಪ್ಪನ ಮುಖ ನೋಡುತ್ತಾ ಓದುತ್ತಿದ್ದೆ, ಬಾಯಿ ತಾನಾಗಿ ಹಾಗೆ ಓದಿತು. ಹಬ್ಬ ಮುಗಿದ ಮೇಲೆ ಸರಿಯಾಗಿ ಹೇಳಿದರಾಯಿತು ಅಂದುಕೊಂಡೆ.

ಈ ತಿಂಗಳು ಪರೀಕ್ಷೆಗೆ ಓದಿಕೊಳ್ಳಲು ಮನೆಗೆ ಬಂದೆ. ಮಧ್ಯಾಹ್ನ. ಅಪ್ಪ ಗೋಡೆಗೆ ಒರಗಿ ಕೂತಿದ್ದರು, ಮೆಷಿನ್ ಸದ್ದಿರಲಿಲ್ಲ. “ಕರೆಂಟ್ ಇಲ್ಲ ಕಣೇ, ಈಗೀಗ ದಿನಾ ಹೋಗತ್ತೆ,” ಅಂದಳು ಅಮ್ಮ. ನಮ್ಮ ಕಡೆ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಬಂದ ಮೇಲೆ ಚಾರ್ಜ್ ಆಗಲಿ ಅಂತ ಫೋನನ್ನು ಪ್ಲಗ್ಗಿಗೆ ಸಿಕ್ಕಿಸಿಟ್ಟೆ. ಅದು ತಕ್ಷಣ ಚಾರ್ಜ್ ಆಗತೊಡಗಿತು.

“ಅಪ್ಪಾ, ಕರೆಂಟ್ ಇದೆ.”

“ಇದ್ರೆ ಇರ್ಲಿ. ಅದ್ರ ಪಾಡಿಗೆ ಅದು.”

“ಮೆಷಿನ್ ಸ್ವಿಚ್ ಯಾರು ಆಫ್ ಮಾಡಿದ್ದು?”

ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಂಡು ಹೇಳಿದರು. “ಮೇ ತಿಂಗ್ಳಲ್ಲಿ ಚಪ್ಪರದ ಸೊಪ್ಪು ಯಾರ್ ತೆಗೀತಾರೆ? ನಾನೇ ಅಲ್ವಾ? ಡಾಕ್ಟ್ರಮ್ಮನೇ ಬರ್ದಿದಾರಲ್ಲ ಮಗಾ. ಗಾಳಿ ಕಡ್ಮೆ ಮಾಡಿ ಗಟ್ಟಿ ಮಾಡ್ಬೇಕು ಅಂತ.”

“ಅದು ಲ್ಯಾಬಲ್ಲಿರೋ ಸೆಲ್ಲಿಗೆ ಅಪ್ಪಾ. ನಿಂಗಲ್ಲ.”

“ಸಸಿ ಗಟ್ಟಿ ಮಾಡಿ ನೆಲ ಹಂಗೇ ಬಿಟ್ರೆ ಆಗತ್ತಾ? ಗುಂಡಿನೂ ಬಿಸ್ಲು ಕಾಣ್ಬೇಕು. ಒಂದೇ ಸಲ ತೆಗ್ದಿಲ್ಲ ಮಾರಾಯ್ತಿ, ಗಾಬ್ರಿಯಾಗ್ಬೇಡ. ಮೊದ್ಲು ಸ್ವಲ್ಪ ಹೊತ್ತು, ಆಮೇಲೆ ಬೆಳಿಗ್ಗೆ ಪೂರ್ತಿ, ಈಗ ಸಂಜೆವರೆಗೆ. ನನ್ ಕೈಲಿ ಒಂದ್ ಸಸಿ ಸತ್ತಿದೆಯಾ?”

ಯುಗಾದಿಯಿಂದ ಮಾಡುತ್ತಿದ್ದಾರೆ. ಅಮ್ಮ ತೋಟಕ್ಕೆ ಹೋದ ಮೇಲೆ ಆಫ್, ಬರುವ ಹೊತ್ತಿಗೆ ಆನ್. ಸಿಕ್ಕಿಬಿದ್ದಾಗ ಕರೆಂಟ್ ಇಲ್ಲ ಅನ್ನುವುದು. ಕಾಲು ಊದಿಕೊಂಡಿದೆ, ತುಟಿ ನೇರಳೆ ಹಣ್ಣು ತಿಂದವರ ಹಾಗಾಗಿದೆ. ಮೂಡಿಗೆರೆಯಲ್ಲಿ ಪರೀಕ್ಷಿಸಿದ ಡಾಕ್ಟರು, ಆಕ್ಸಿಜನ್ ಇಲ್ಲದೆ ಹಾರ್ಟಿಗೂ ಸುಸ್ತಾಗಿದೆ, ಯಾರು ನಿಲ್ಲಿಸಲು ಹೇಳಿದ್ದು ಅಂತ ಕೂಗಾಡಿದರು. ಅಪ್ಪ ನಿಮ್ಮ ಹೆಸರು ಹೇಳಲಿಲ್ಲ. ನನ್ನ ಹೆಸರನ್ನೂ ಹೇಳಲಿಲ್ಲ.

ಈಗ ಸ್ಟೂಡೆಂಟಿಗೆ ಹೇಳುವ ಹಾಗೆ ಹೇಳಬೇಡಿ. ಏನಾದರೂ ಇದೆಯಾ? ಟ್ರಯಲ್, ಇಂಜೆಕ್ಷನ್, ಏನಾದರೂ? ನಾನು ಹೇಳಿದರೆ ಅಪ್ಪ ನಂಬುವುದಿಲ್ಲ. ನಿಮ್ಮ ಕಾಗದವನ್ನು ನಂಬುತ್ತಾರೆ. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ರಂಜಿತಾ


ಪುಣೆ
೨೧ ಮೇ ೨೦೨೫

ರಂಜಿತಾ,

ನಿನ್ನ ಕಾಗದ ಬಂದ ದಿನದಿಂದ ಇದನ್ನು ಬರೆದು ಹರಿದು ಹಾಕುತ್ತಿದ್ದೇನೆ. ಕೆಳಗೆ ನನ್ನ ಫೋನ್ ನಂಬರ್ ಇದೆ, ಯಾವಾಗ ಬೇಕಾದರೂ ಮಾಡು. ಮೊದಲ ಮಾತು: ಮೆಷಿನ್ ನಿಲ್ಲಬಾರದು. ಆಮ್ಲಜನಕ ಕಡಿಮೆಯಾದರೆ ಆ ಕೋಶಗಳು ಗಟ್ಟಿಯಾಗುವುದಿಲ್ಲ, ಇನ್ನಷ್ಟು ದಾರಿ ತಪ್ಪುತ್ತವೆ.

ಕೇಳಿದ್ದಕ್ಕೆ ಉತ್ತರ: ಇಲ್ಲ. ನಿನ್ನ ತಂದೆಗೆ ಕೊಡಬಹುದಾದ ಅಂಥ ಚಿಕಿತ್ಸೆ ಇಂದು ಎಲ್ಲಿಯೂ ಇಲ್ಲ. ಇದೆ ಎಂದು ಹೇಳಿ ಇಂಜೆಕ್ಷನ್ ಕೊಡುವವರು ಸುಳ್ಳು ಹೇಳುತ್ತಾರೆ. ಬೇರೆಯವರ ಶ್ವಾಸಕೋಶ ಜೋಡಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಹೃದಯ ಈ ಸ್ಥಿತಿಗೆ ಬಂದ ಮೇಲೆ ಅದನ್ನು ಅವರು ತಡೆದುಕೊಳ್ಳುವರೆಂದು ನನಗೆ ಅನ್ನಿಸುವುದಿಲ್ಲ.

ಫೆಬ್ರವರಿಯಲ್ಲಿ ನಾನು ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಗಟ್ಟಿಯಾದ ಶ್ವಾಸಕೋಶದಲ್ಲಿ ಸ್ಟೆಮ್ ಸೆಲ್ ಏಳದೆ ಇರುವುದಿಲ್ಲ. ಏಳುತ್ತದೆ. ತೆಳ್ಳಗಾಗಲು ಹೊರಟು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಇತ್ತ ದುಂಡಗಿನದೂ ಅಲ್ಲ, ಅತ್ತ ಹಪ್ಪಳವೂ ಅಲ್ಲ. ಸುತ್ತಲಿನ ಬಿಗಿ ಅದನ್ನು ಮುಂದೆ ಹೋಗಲು ಬಿಡುವುದಿಲ್ಲ. ಹಾಗೆ ಸಿಕ್ಕಿಕೊಂಡ ಕೋಶ ಪಕ್ಕದ ನಾರಿನ ಕೋಶಗಳಿಗೆ ಇನ್ನಷ್ಟು ನೇಯಿರಿ ಎಂದು ಹೇಳಿ ಕಳಿಸುತ್ತದೆ, ಅವು ನೇಯುತ್ತವೆ, ಬಿಗಿ ಹೆಚ್ಚುತ್ತದೆ. ಆರೋಗ್ಯವಂತ ಕೋಶಗಳನ್ನು ತಂದು ಅಂಥ ನಾರಿನ ಮೇಲೆ ಬೆಳೆಸಿ ನೋಡಿದ್ದೇವೆ. ಅವೂ ಕೆಟ್ಟವು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ನಿನ್ನ ಸೆಮಿನಾರ್ ಚೆನ್ನಾಗಿರಲಿ ಎಂದು ಬರೆಯಲಿಲ್ಲ.

ಅವರಿಗೆ ಹುಷಾರಿಲ್ಲ ಎಂದು ನೀನು ಬರೆದಿದ್ದೆ. ಏನಾಗಿದೆ ಎಂದು ನಾನು ಕೇಳಬೇಕಿತ್ತು. ನೀನೂ ಹೇಳಬೇಕಿತ್ತು.

ಇದರ ಜೊತೆ ನಿನ್ನ ತಂದೆಗೆ ಬೇರೆ ಹಾಳೆ ಇಟ್ಟಿದ್ದೇನೆ. ಈ ಸಲ ಒಂದು ಅಕ್ಷರವನ್ನೂ ಬಿಡದೆ ಓದು. ಅವರಿಗೆ ನಾನು ಸುಳ್ಳು ಹೇಳಲಾರೆ.

ಅರುಣಾ

*

ಗುರುವಯ್ಯನವರಿಗೆ ನಮಸ್ಕಾರ. ಸಸಿ ಗಟ್ಟಿ ಮಾಡುವ ಮಾತನ್ನು ನಾನು ಲ್ಯಾಬಿನ ಕೋಶಗಳ ಬಗ್ಗೆ ಬರೆದೆ, ನಿಮ್ಮ ಬಗ್ಗೆ ಅಲ್ಲ. ಈ ಜೂನಿಗೆ ಯಾವ ಸಸಿಯೂ ಇಲ್ಲ. ನಿಮ್ಮ ಕಾಲಕ್ಕೆ ಅದು ಬರುತ್ತದೆ ಎಂದು ನಾನು ಹೇಳಲಾರೆ, ಬಂದರೂ ನೆಲ ಅದನ್ನು ಹಿಡಿಯುವ ಸ್ಥಿತಿಯಲ್ಲಿ ಉಳಿದಿಲ್ಲ. ಮೆಷಿನ್ ತೆಗೆಯಬೇಡಿ. ಅದು ನಿಮ್ಮ ಕಷ್ಟವನ್ನು ಕಡಿಮೆ ಮಾಡುತ್ತದೆ. ನನ್ನನ್ನು ಕ್ಷಮಿಸಿ. ಅರುಣಾ.


ಬಣಕಲ್
೫ ಜೂನ್ ೨೦೨೫

ಮೇಡಂ,

ನೀವು ಹೇಳಿದ ಹಾಗೆ ಒಂದು ಅಕ್ಷರವನ್ನೂ ಬಿಡದೆ ಓದಿದೆ.

ಅಪ್ಪ ಎರಡನೇ ಸಲ ಓದು ಅನ್ನಲಿಲ್ಲ. “ನೆಲ ಹೋಯ್ತು ಅಂದ್ರಾ?” ಅಂತ ಮಾತ್ರ ಕೇಳಿದರು. ಹೂಂ ಅಂದೆ. “ಸರಿ ಹಂಗಾದ್ರೆ,” ಅಂದು ಮೂಗಿನಿಂದ ಪೈಪ್ ತೆಗೆದು, ಕೆಲಸ ಮುಗಿದ ಮೇಲೆ ನರ್ಸರಿಯ ನೀರಿನ ಪೈಪನ್ನು ಸುತ್ತಿಡುವ ಹಾಗೆ ಮೊಣಕೈಗೆ ಸುತ್ತಿ, ಮೆಷಿನ್ ಮೇಲೆ ಇಟ್ಟರು.

“ಇದನ್ನ ಯಜಮಾನ್ರ ಮನೆಗೆ ವಾಪಸ್ ಕೊಟ್ಟು ಬಾ. ಬೇಕಾದವ್ರಿಗೆ ಆಗತ್ತೆ.”

“ನಿಂಗೇ ಬೇಕು ಅಪ್ಪಾ. ತೆಗೀಬೇಡಿ ಅಂತಾನೂ ಬರ್ದಿದಾರಲ್ಲ?”

“ಏನೂ ಹಾಕಲ್ಲ ಅಂದ್ಮೇಲೆ ಗುಂಡಿಗೆ ಯಾರಾದ್ರೂ ನೀರು ಹುಯ್ತಾರಾ?”

ಅಮ್ಮ ನನ್ನ ಕಡೆ ತಿರುಗಿದಳು. “ಅಷ್ಟ್ ವರ್ಷ ಹಾಸ್ಟೆಲ್ ಅನ್ನ ತಿಂದು ಓದಿದ್ದು ಇದನ್ನ ಓದಿ ಹೇಳಕ್ಕಾ? ನಾಲ್ಗೆಗೆ ಒಂದ್ ಸುಳ್ಳು ಬರ್ಲಿಲ್ವಾ ನಿಂಗೆ?” ಅಂದಳು. ಯುಗಾದಿಗೆ ಬಂದ ಸುಳ್ಳಿನ ವಿಷಯ ಅವಳಿಗೆ ಗೊತ್ತಿಲ್ಲ. ನಾನು ಹೇಳಿಲ್ಲ.

ಅವರು ನಿದ್ದೆ ಹೋದಾಗ ಅಮ್ಮ ಪೈಪ್ ಹಾಕುತ್ತಾಳೆ. ಎಚ್ಚರವಾದ ಕೂಡಲೇ ತೆಗೆಯುತ್ತಾರೆ. ಬೈಯುವುದಿಲ್ಲ, ಸಿಟ್ಟು ಮಾಡುವುದಿಲ್ಲ, ಸುಮ್ಮನೆ ತೆಗೆದು ಸುತ್ತಿಡುತ್ತಾರೆ. ಉಸಿರಿಗೆ ಹೆಗಲು ಎದ್ದೆದ್ದು ಬೀಳುತ್ತದೆ. ತಟ್ಟೆ ಎತ್ತಿ ಹಿಡಿಯುವಷ್ಟು ಹೊತ್ತು ಆಗುವುದಿಲ್ಲ, ಅಮ್ಮ ತುತ್ತು ಮಾಡಿ ಕೊಡುತ್ತಾಳೆ, ಅಗಿಯುವಾಗ ಉಸಿರು ನಿಲ್ಲುತ್ತದೆ ಅಂತ ಅದೂ ಬೇಡ ಅನ್ನುತ್ತಾರೆ. ಯಜಮಾನರು ಬಂದು ಹೇಳಿ ನೋಡಿದರು. ಅವರಿಗೂ ಹೂಂ ಹೂಂ ಅಂದರು, ಅವರು ಗೇಟು ದಾಟುವ ಮೊದಲೇ ತೆಗೆದರು. ಹೊರಗೆ ಮಳೆ ಹಿಡಿದಿದೆ. ನರ್ಸರಿಯಿಂದ ಸಸಿ ಹೊತ್ತುಕೊಂಡು ಹೋಗುವವರು ನಮ್ಮ ಬಾಗಿಲ ಮುಂದೆಯೇ ಹೋಗುತ್ತಾರೆ. ಅಪ್ಪ ಅತ್ತ ನೋಡುವುದಿಲ್ಲ.

ನಿಮಗೆ ಫೋನ್ ಮಾಡಿದ್ದೆ. ನೀವು ಎರಡು ಸಲ ಹಲೋ ಅಂದಿರಿ, ಆಮೇಲೆ ನನ್ನ ಹೆಸರು ಹೇಳಿ ಕರೆದಿರಿ. ಕಟ್ ಮಾಡಿದೆ. ಫೋನಿನಲ್ಲಿ ನಾನು ಕೇಳುವುದಕ್ಕೆ ನೀವು ಇಲ್ಲ ಅಂದುಬಿಡುತ್ತೀರಿ, ನನಗೆ ಎದುರು ಮಾತಾಡಲು ಬರುವುದಿಲ್ಲ. ಬರೆದರೆ ಪೂರ್ತಿ ಓದುತ್ತೀರಿ.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಒಂದು ವಿಷಯ ಮಾತ್ರ. ನೀವು ಸುಳ್ಳು ಹೇಳಲಾರೆ ಅಂದಿರಿ. ನೀವು ಬರೆದ ಸುಂದರವಾದದ್ದನ್ನು ನಂಬಿ ಅಪ್ಪ ಮೆಷಿನ್ ತೆಗೆದರು, ನಿಜವನ್ನು ನಂಬಿಯೂ ತೆಗೆದರು. ಇನ್ನೊಂದು ಸಲ ಬರೆಯಿರಿ.

ನಾನು ಅಪ್ಪನಿಗೆ ಹೇಳಿದ್ದೇನೆ, ಕಾಗದದಲ್ಲಿ ಏನೋ ಸರಿಯಿಲ್ಲ, ಮತ್ತೆ ಕೇಳಿದ್ದೇನೆ ಅಂತ. “ಕೇಳು. ಬರ್ಲಿ. ಅಲ್ಲೀವರೆಗೆ ಮೆಷಿನ್ ಬೇಡ,” ಅಂದಿದ್ದಾರೆ. ಏನು ಬರೆಯಬೇಕು ಅಂತ ಕೆಳಗೆ ಬರೆದಿದ್ದೇನೆ, ನೀವು ನಿಮ್ಮ ಅಕ್ಷರದಲ್ಲಿ ಇಳಿಸಿದರೆ ಸಾಕು. ಅಪ್ಪನಿಗೆ ಓದಲು ಬರುವುದಿಲ್ಲ, ಆದರೆ ನಿಮ್ಮ ಅಕ್ಷರ ಗುರುತಿದೆ, ನನ್ನದೂ ಗುರುತಿದೆ. ನಾನೇ ಬರೆದರೆ ಗೊತ್ತಾಗುತ್ತದೆ.

‘ಗುರುವಯ್ಯನವರೆ, ಹೋದ ಕಾಗದದಲ್ಲಿ ಅವಸರದಲ್ಲಿ ತಪ್ಪು ಬರೆದೆ. ಸಸಿ ಎದ್ದಿದೆ, ಆದರೆ ಬಹಳ ಎಳೆಯದು. ಈ ವರ್ಷ ನೆಡುವುದಿಲ್ಲ, ಮುಂದಿನ ಮಳೆಗೆ ನೆಡುತ್ತೇವೆ. ನೀವು ನೆರಳು ಬೇಗ ತೆಗೆದಿರಿ. ಗುಂಡಿ ಒಣಗಬಾರದು. ಮೆಷಿನ್ ಹಗಲೂ ರಾತ್ರಿ ಇರಲಿ.’

ಮುಂದಿನ ಮಳೆ ಅಪ್ಪನಿಗೆ ಇಲ್ಲ. ಡಾಕ್ಟರು ಅಮ್ಮನನ್ನು ಔಷಧಿ ತರಲು ಕಳಿಸಿ ನನಗೆ ಹೇಳಿದರು. ಮೆಷಿನ್ ಹಾಕಿಕೊಂಡರೂ ವಾಸಿಯಾಗುವುದಿಲ್ಲ ಅಂತ ನನಗೆ ಗೊತ್ತು, ನೀವು ಮತ್ತೆ ವಿವರಿಸುವುದು ಬೇಡ. ಹಾಕಿಕೊಳ್ಳದಿದ್ದರೆ ನೀರಿನಲ್ಲಿ ಮುಳುಗುತ್ತಿರುವವರ ಹಾಗೆ ಒದ್ದಾಡುತ್ತಾರೆ, ಎಚ್ಚರ ಇರುವಷ್ಟು ಹೊತ್ತೂ. ಅದು ನಿಂತರೆ ಸಾಕು. ಬೇರೆ ಏನನ್ನೂ ನಾನು ಕೇಳುತ್ತಿಲ್ಲ.

ಪರೀಕ್ಷೆಗೆ ನಾನು ಹೋಗಿಲ್ಲ. ಹಾಸ್ಟೆಲಿಗೆ ಬರೆಯಬೇಡಿ, ಬಣಕಲ್ ಪೋಸ್ಟಿಗೇ ಬರೆಯಿರಿ. ದಿನವೂ ಹೋಗಿ ಕೇಳುತ್ತಿದ್ದೇನೆ.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ರಂಜಿತಾ